ರಿಮೋಟಿಗೆ ಕೇಳಿಸಿದ ಮಾತು

ಪಕ್ಕದ ಸೈಟಿನಲ್ಲಿ ಕಟ್ಟುತ್ತಿದ್ದ ಪೀಜಿ ಕಟ್ಟಡದ ಮೂರನೇ ಮಹಡಿಗೆ ಮೋಲ್ಡ್ ಹಾಕಿದ ವಾರವೇ ನಮ್ಮ ಮನೆಯ ಟೀವಿ ಕೈಕೊಟ್ಟಿತು. ಮೊದಲು ವಾರ್ತೆ ಓದುವವಳ ಮುಖ ಚೌಕ ಚೌಕವಾಗಿ ಒಡೆಯುತ್ತಿತ್ತು. ಆಮೇಲೆ ಮಾತು ನಡುನಡುವೆ ನುಂಗಿಹೋಗತೊಡಗಿತು. ಕೊನೆಗೆ ಪರದೆಯೆಲ್ಲ ಕಪ್ಪಾಗಿ, ಸಿಗ್ನಲ್ ಇಲ್ಲ ಎನ್ನುವ ಒಂದು ಸಾಲು ಮಾತ್ರ ಉಳಿಯಿತು.

ಬೇರೆ ಕಾಲದಲ್ಲಾಗಿದ್ದರೆ ನಾನು ಇದಕ್ಕೆ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಕೆಂಗೇರಿ ಉಪನಗರದ ನಮ್ಮ ಬೀದಿಯಲ್ಲಿ ಮಾತಿಗೆ ಜನ ಬೇಕಾದಷ್ಟಿದ್ದಾರೆ. ಆದರೆ ನನ್ನ ಯಜಮಾನರಿಗೆ ಲಕ್ವ ಹೊಡೆದು ಆಗ ಎಂಟು ತಿಂಗಳಾಗಿತ್ತು. ಬಲಗೈ ಸೊರಗಿತ್ತು, ಬಲಗಾಲು ಎಳೆಯುತ್ತಿತ್ತು, ಎಲ್ಲಕ್ಕಿಂತ ಹೆಚ್ಚಾಗಿ ಮಾತು ಹೋಗಿತ್ತು. ಹೇಳಬೇಕಾದ್ದು ತಲೆಯಲ್ಲಿ ಇರುತ್ತಿತ್ತು, ಬಾಯಿಗೆ ಬರುವಾಗ ಕಲಸಿಹೋಗುತ್ತಿತ್ತು. ರಾಜಾಜಿನಗರದ ಕಾರ್ಖಾನೆಯಲ್ಲಿ ಲೇತ್ ಮೆಷಿನ್ನಿನ ಸದ್ದಿನ ಮೇಲೆ ಕೂಗಿ ಕೂಗಿ ಮಾತಾಡಿದ ಮನುಷ್ಯ. ಮನೆಯಲ್ಲಿ ಉಪ್ಪು ಕೇಳಿದರೆ ಆಚೆ ಮನೆಯವರಿಗೂ ಗೊತ್ತಾಗುತ್ತಿತ್ತು. ಅಂಥವರು ಈಗ ಬೆಳಿಗ್ಗೆ ಎದ್ದು, ನಡುಮನೆಯ ಕುರ್ಚಿಯಲ್ಲಿ ಕೂತು, ವಾರ್ತೆ, ಆಮೇಲೆ ಅಡುಗೆಯ ಕಾರ್ಯಕ್ರಮ, ಮಧ್ಯಾಹ್ನದ ಹಳೆಯ ಸಿನಿಮಾ ಹೀಗೆ ಟೀವಿ ಕೊಟ್ಟದ್ದನ್ನು ನೋಡುತ್ತ ದಿನ ಕಳೆಯುತ್ತಿದ್ದರು. ಅವರ ಹಗಲಿಗೆ ಅದೊಂದೇ ಆಸರೆ.

ಅವತ್ತು ನಾನು ತಾರಸಿ ಹತ್ತಿದೆ. ಡಿಶ್ ತಿರುಗಿಸುವುದು ನಮ್ಮ ಮನೆಯಲ್ಲಿ ಇಬ್ಬರ ಕೆಲಸ. ಮೊದಲೆಲ್ಲ ಅವರು ಮೇಲೆ ನಿಂತು ತಟ್ಟೆಯನ್ನು ಒಂದೊಂದು ಕೂದಲೆಳೆ ಸರಿಸುತ್ತ "ಬಂತಾ?" ಎಂದು ಕೇಳುತ್ತಿದ್ದರು. ನಾನು ಕೆಳಗಿನಿಂದ "ಬಂತು, ಬಂತು, ಅಯ್ಯೋ ಹೋಯ್ತು ರೀ" ಎನ್ನುತ್ತಿದ್ದೆ. ಅವತ್ತು ನಾನು ಮೇಲೆ, ಅವರು ಕೆಳಗೆ. ಸ್ಪ್ಯಾನರಿನಿಂದ ನಟ್ಟು ಸಡಿಲಿಸಿ, ತಟ್ಟೆಯನ್ನು ಸ್ವಲ್ಪ ಎಡಕ್ಕೆ ಎಳೆದು, ಹಳೆಯ ಅಭ್ಯಾಸದಲ್ಲಿ "ಬಂತಾ?" ಎಂದು ಕೂಗಿದೆ. ಕೂಗಿದ ಮೇಲೆ ನೆನಪಾಯಿತು, ಕೆಳಗಿನಿಂದ ಉತ್ತರ ಬರುವುದಿಲ್ಲ ಎಂದು.

ಇಳಿದು ಬಂದೆ. ಅವರು ನನ್ನನ್ನೇ ನೋಡುತ್ತಿದ್ದರು. ನಾನು ಕೂಗಿದ್ದು ಅವರಿಗೆ ಕೇಳಿಸಿತ್ತು. ನಾನು ಏನೂ ಆಗದವಳ ಹಾಗೆ ಒಂದು ಸ್ಟೀಲ್ ಲೋಟ, ಒಂದು ಚಮಚ ತಂದು ಅವರ ಎಡಗೈ ಹತ್ತಿರ ಇಟ್ಟೆ. ಚಿತ್ರ ಬಂದರೆ ಒಂದು ಸಲ ಬಡಿಯಿರಿ ಎಂದು ಹೇಳಿ ಮತ್ತೆ ಮೇಲೆ ಹೋದೆ. ಅರ್ಧ ಗಂಟೆ ಬಿಸಿಲಲ್ಲಿ ನಿಂತು ತಿರುಗಿಸಿದೆ. ಲೋಟದ ಸದ್ದು ಬರಲಿಲ್ಲ.

ಮರುದಿನ ಡಿಶ್ ರಿಪೇರಿಯವನು ಬಂದು ತಾರಸಿಯ ಮೇಲೆ ನಿಂತು ಪಕ್ಕದ ಕಟ್ಟಡವನ್ನು ತಲೆಯೆತ್ತಿ ನೋಡಿದ. ತಟ್ಟೆಗೆ ಆಕಾಶ ಕಾಣಬೇಕು, ನಿಮ್ಮದಕ್ಕೆ ಗೋಡೆ ಕಾಣುತ್ತಿದೆ ಎಂದ. ಹನ್ನೆರಡು ಅಡಿ ಕಂಬ ನಿಲ್ಲಿಸಿದರೆ ಸದ್ಯಕ್ಕೆ ಆದೀತು, ಆದರೆ ಅವರು ಇನ್ನೂ ಎರಡು ಮಹಡಿ ಏರಿಸುತ್ತಾರಂತಲ್ಲ ಎಂದೂ ಸೇರಿಸಿದ. ಅವನು ಹೋದ ಮೇಲೆ ನಾನು ಅಲ್ಲೇ ನಿಂತು ಯೋಚಿಸಿದೆ. ಗೋಡೆಯ ಜೊತೆ ಪಂದ್ಯ ಕಟ್ಟಿ ಕಂಬ ಎತ್ತರಿಸುತ್ತ ಕೂರುವುದರಲ್ಲಿ ಅರ್ಥವಿರಲಿಲ್ಲ. ಆಕಾಶದಿಂದ ಬರದಿದ್ದರೆ ತಂತಿಯಲ್ಲಿ ಬರಲಿ. ಬೀದಿಯಲ್ಲಿ ಅರ್ಧ ಮನೆಗಳಲ್ಲಿ ಆಗಲೇ ಡಿಶ್ ಬಿಟ್ಟು ಇಂಟರ್ನೆಟ್ಟಿನಲ್ಲೇ ಟೀವಿ ನೋಡುತ್ತಿದ್ದರು.

ರಾಜಾಜಿನಗರದಲ್ಲಿರುವ ಮಗಳಿಗೆ ಫೋನ್ ಮಾಡಿದೆ. ಅವಳು ಬ್ಯಾಂಕಿನಲ್ಲಿ ಕೆಲಸ ಮಾಡುತ್ತಾಳೆ, ತಿಂಗಳ ಕೊನೆಯಾದ್ದರಿಂದ ಪುರುಸೊತ್ತಿರಲಿಲ್ಲ. "ನೀನು ಏನೂ ಮುಟ್ಟಬೇಡಮ್ಮ, ಮುಂದಿನ ಭಾನುವಾರ ಬಂದು ಎಲ್ಲ ನಾನೇ ಸೆಟ್ ಮಾಡ್ಕೊಡ್ತೀನಿ" ಎಂದಳು. ಅವಳು ಪ್ರೀತಿಯಿಂದಲೇ ಹೇಳಿದ್ದು. ಆದರೆ ಭಾನುವಾರಕ್ಕೆ ಇನ್ನೂ ಹತ್ತು ದಿನವಿತ್ತು. ಹತ್ತು ದಿನ ಆ ಮನುಷ್ಯ ಕಪ್ಪು ಪರದೆ ನೋಡುತ್ತ ಕೂರಬೇಕೇ?

ಇನ್ನೊಂದು ಮಾತೂ ಇತ್ತು. ನಾನು ಸಿಟಿ ಬಸ್ಸಿನಲ್ಲಿ ಕಂಡಕ್ಟರಾಗಿ ನಿವೃತ್ತಳಾದವಳು. ಚೀಟಿ ಹರಿದು ಕೊಡುತ್ತಿದ್ದ ಕಾಲ ಹೋಗಿ ಟಿಕೆಟ್ ಮೆಷಿನ್ ಬಂದಾಗ, ಡಿಪೋದಲ್ಲಿ ದೊಡ್ಡ ದೊಡ್ಡ ಗಂಡಸರು ಇದು ನಮ್ಮಿಂದ ಆಗುವುದಿಲ್ಲ ಎಂದು ಕೈಚೆಲ್ಲಿ ಕೂತಿದ್ದರು. ನಾನು ಒಂದು ಹಳೆಯ ಡೈರಿಯಲ್ಲಿ ಯಾವ ಬಟನ್ನಿಗೆ ಏನು ಎಂದು ಬರೆದುಕೊಂಡು, ವಿಜಯನಗರದ ಟ್ರಾಫಿಕ್ಕಿನಲ್ಲಿ ಬಸ್ಸು ನಿಂತಾಗಲೆಲ್ಲ ಓದಿ ಓದಿ ಮೂರು ದಿನಕ್ಕೆ ಕಲಿತಿದ್ದೆ. ಅಂಥವಳಿಗೆ ಟೀವಿಯ ಒಂದು ತಂತಿ ಬದಲಾಯಿಸಲು ಬರುವುದಿಲ್ಲವೇ? ಭಾನುವಾರಕ್ಕೆ ಊಟಕ್ಕೆ ಮಾತ್ರ ಬಾ ಎಂದು ಮಗಳಿಗೆ ಹೇಳಿ ಫೋನಿಟ್ಟೆ.

ಇಂಟರ್ನೆಟ್ ಲೈನ್ ಎಳೆಯಲು ಬಂದವರು ಐವತ್ತರ ಹತ್ತಿರದ ಗಂಡಸು. ಬೀದಿಯ ಕಂಬದಿಂದ ಸಣ್ಣ ಕಪ್ಪು ತಂತಿಯನ್ನು ಕಿಟಕಿಯೊಳಗೆ ತಂದು, ದೀಪ ಮಿನುಗುವ ಒಂದು ಡಬ್ಬಿಯನ್ನು ಗೋಡೆಗೆ ಹೊಡೆದರು. ಟೀವಿ ಹಳೆಯದು, ಇಂಟರ್ನೆಟ್ಟನ್ನು ತಾನಾಗಿ ಹಿಡಿಯುವಂಥದ್ದಲ್ಲ. ಅದಕ್ಕೆ ಹಿಂದೆ ಸಿಕ್ಕಿಸುವ ಬೆರಳುದ್ದದ ಒಂದು ಸಾಧನ ಬೇಕು, ಅದರ ಜೊತೆಗೆ ಬೇರೆ ರಿಮೋಟ್ ಬರುತ್ತದೆ ಎಂದರು. ಅದನ್ನು ನಾನು ಹಿಂದಿನ ದಿನವೇ ವಿಜಯನಗರದ ಅಂಗಡಿಯಲ್ಲಿ ಕೇಳಿ ತಂದಿಟ್ಟಿದ್ದೆ. ಅವರು ನನ್ನನ್ನೂ, ಕುರ್ಚಿಯಲ್ಲಿದ್ದ ಯಜಮಾನರನ್ನೂ ನೋಡಿ, "ಮೇಡಂ, ಹೇಳಿಕೊಡೋಕೆ ಮನೇಲಿ ಯಾರಾದ್ರೂ ಇದಾರಾ?" ಎಂದು ಕೇಳಿದರು. ವಯಸ್ಸಿನ ಮಕ್ಕಳು ಯಾರಾದರೂ ಇದ್ದಾರೆಯೇ ಎಂದು ಅದರ ಅರ್ಥ.

"ನಾನಿದೀನಲ್ಲ, ಹೇಳಿ" ಎಂದೆ.

ಅವರು ಹೇಳಿದ್ದನ್ನು ಬರೆದುಕೊಂಡೆ. ಬರೆದದ್ದನ್ನು ಅವರಿಗೇ ಓದಿ ಹೇಳಿ ಸರಿಯೇ ಎಂದು ಕೇಳಿದೆ. ಅವರು ಹೋದ ಮೇಲೆ ಎಲ್ಲವನ್ನೂ ಕಿತ್ತು ಮತ್ತೆ ಮೊದಲಿನಿಂದ ನಾನೇ ಜೋಡಿಸಿದೆ, ನಾಳೆ ಏನಾದರೂ ಆದರೆ ಯಾರನ್ನೂ ಕಾಯಬಾರದು ಎಂದು. ಟೀವಿಯ ಹಿಂದೆ ಆ ಸಾಧನ ಸಿಕ್ಕಿಸುವ ಕಿಂಡಿ ಎರಡಿದ್ದವು. ಎರಡನೆಯದಕ್ಕೆ ಸಿಕ್ಕಿಸಿ ಒಂದನೆಯದರಲ್ಲಿ ಚಿತ್ರ ಹುಡುಕುತ್ತ ಒಂದು ಗಂಟೆ ಕಳೆದೆ. ಪಾಸ್‌ವರ್ಡ್ ಹಾಕುವುದು ಇನ್ನೊಂದು ಗಂಟೆ. ಪರದೆಯ ಮೇಲಿನ ಅಕ್ಷರಗಳ ಮೇಲೆ ಬಾಣದ ಬಟನ್ ಒತ್ತಿ ಒತ್ತಿ ಒಂದೊಂದಾಗಿ ಆರಿಸಬೇಕು. ನಾಲ್ಕು ಸಲ ತಪ್ಪು ಎಂದಿತು. ಮೊದಲ ಅಕ್ಷರ ದೊಡ್ಡದು, ಉಳಿದವು ಸಣ್ಣವು ಎಂಬುದು ಐದನೇ ಸಲಕ್ಕೆ ಹೊಳೆಯಿತು. ಕೊನೆಗೆ ಪರದೆ ತುಂಬ ಬಣ್ಣ ಬಣ್ಣದ ಚಿತ್ರಗಳು ಬಂದಾಗ ಸೆರಗಿನಿಂದ ಕುತ್ತಿಗೆ ಒರೆಸಿಕೊಂಡು ಯಜಮಾನರ ಕಡೆ ತಿರುಗಿದೆ.

ಅವರ ಮುಖದಲ್ಲಿ ಖುಷಿ ಇರಲಿಲ್ಲ. ಸ್ವಲ್ಪ ಹೊತ್ತು ಕಾದರು. ಚಿತ್ರಗಳು ಸುಮ್ಮನೆ ನಿಂತಿದ್ದವು, ಯಾವುದೂ ತಾನಾಗಿ ಶುರುವಾಗಲಿಲ್ಲ. ಅವರು ಎಡಗೈ ಬಿಡಿಸಿ, ಎಲ್ಲಿ ಎನ್ನುವ ಹಾಗೆ ತೋರಿಸಿದರು.

ಆಗ ನನಗೂ ಅರ್ಥವಾಯಿತು. ಹಳೆಯ ಟೀವಿ ಬಸ್ಸಿನಂಥದ್ದು, ತನ್ನ ಹೊತ್ತಿಗೆ ತನ್ನ ದಾರಿಯಲ್ಲಿ ಬರುತ್ತದೆ, ನಾವು ಹತ್ತಿ ಕೂತರೆ ಸಾಕು. ಇದು ಆಟೋ. ಎಲ್ಲಿಗೆ ಎಂದು ಹೇಳದಿದ್ದರೆ ಕದಲುವುದಿಲ್ಲ. ಹೇಳಲಾಗದ ಮನುಷ್ಯನ ಮುಂದೆ ನಾನು ಇದನ್ನು ತಂದು ನಿಲ್ಲಿಸಿದ್ದೆ.

ಮೊದಲ ಮೂರು ದಿನ ಬಹಳ ಕಷ್ಟವಾಯಿತು. ಎಡಗೈ ಹೆಬ್ಬೆರಳಿನಿಂದ ಬಾಣ ಒತ್ತಿದರೆ ಅದು ಬೇಕಾದ್ದನ್ನು ದಾಟಿ ಮುಂದೆ ಹೋಗುತ್ತಿತ್ತು, ಹಿಂದಕ್ಕೆ ತಂದರೆ ಇನ್ನೂ ಹಿಂದೆ. ಎರಡನೇ ದಿನ ಅವರು ರಿಮೋಟನ್ನು ಮಡಿಲಿನಿಂದ ಕೆಳಕ್ಕೆ ತಳ್ಳಿ ಮುಖವನ್ನು ಗೋಡೆಯ ಕಡೆ ತಿರುಗಿಸಿದರು. ನಾನು ಎತ್ತಿಕೊಟ್ಟೆ, ಅವರು ತೆಗೆದುಕೊಳ್ಳಲಿಲ್ಲ. ಅಂದು ಸಂಜೆ ಸಾರಿಗೆ ಒಗ್ಗರಣೆ ಹಾಕುತ್ತ, ತಪ್ಪು ಮಾಡಿದೆನೇನೋ, ಕಂಬವನ್ನೇ ನಿಲ್ಲಿಸಬೇಕಿತ್ತೇನೋ ಅನ್ನಿಸಿತು. ಆದರೆ ಹಿಡಿದ ಕೆಲಸವನ್ನು ಅರ್ಧಕ್ಕೆ ಬಿಟ್ಟು ಅಭ್ಯಾಸವಿಲ್ಲ. ಮರುದಿನ ಬೆಳಿಗ್ಗೆ ಡೈರಿ ತೆಗೆದು, ಆ ಸಣ್ಣ ರಿಮೋಟಿನ ಒಂದೊಂದು ಬಟನ್ನನ್ನೂ ಒತ್ತಿ ನೋಡುತ್ತ ಕೂತೆ.

ಮೇಲೆ ಮೈಕಿನ ಚಿತ್ರವಿದ್ದ ಒಂದು ಬಟನ್ ಇತ್ತು. ಒತ್ತಿ ಹಿಡಿದು ಮಾತಾಡಿದರೆ ಅದು ಹೇಳಿದ್ದನ್ನು ಹುಡುಕಿ ಕೊಡುತ್ತದೆ. ಮೊದಲು ಅದರ ಭಾಷೆ ಇಂಗ್ಲಿಷಿನಲ್ಲಿತ್ತು, ನಾನು ಕನ್ನಡದಲ್ಲಿ ಹೇಳಿದ್ದಕ್ಕೆ ಏನೇನೋ ಬರೆದು ತೋರಿಸಿತು. ಸೆಟ್ಟಿಂಗ್ಸಿನ ಒಳಗೊಳಗೆ ಹೋಗಿ ಕನ್ನಡಕ್ಕೆ ಬದಲಾಯಿಸಿದೆ. "ಕನ್ನಡ ವಾರ್ತೆ" ಎಂದೆ. ವಾರ್ತೆ ಬಂತು. ಯಜಮಾನರು ಗೋಡೆಯ ಕಡೆಯಿಂದ ಇತ್ತ ತಿರುಗಿದರು. ನಾನು ರಿಮೋಟನ್ನು ಅವರ ಎಡಗೈ ಪಕ್ಕದಲ್ಲಿಟ್ಟು ಅಡುಗೆಮನೆಗೆ ಹೋದೆ.

ಮಾರನೆಯ ದಿನ ತರಕಾರಿಗೆ ಹೋಗಿ ಬರುವಾಗ, ಗೇಟಿನ ಹತ್ತಿರವೇ ನಡುಮನೆಯಿಂದ ಸದ್ದು ಕೇಳಿಸಿತು. ನಿಂತೆ. ಯಾರೋ ಗಂಟಲಲ್ಲಿ ಕಲ್ಲಿಟ್ಟುಕೊಂಡು ಮಾತಾಡಿದ ಹಾಗಿತ್ತು. "ಕು... ತಿ. ಕು... ತಿ." ಮತ್ತೆ ಅದೇ. ಕಿಟಕಿಯಿಂದ ನೋಡಿದೆ. ಅವರು ರಿಮೋಟನ್ನು ಬಾಯಿಯ ಹತ್ತಿರ ಹಿಡಿದು, ಕಣ್ಣು ಮುಚ್ಚಿ, ಕುತ್ತಿಗೆಯ ನರ ಉಬ್ಬುವಂತೆ ಹೇಳುತ್ತಿದ್ದರು.

ಎಂಟು ತಿಂಗಳಲ್ಲಿ ಅವರು ಹೀಗೆ ಬಾಯಿಬಿಟ್ಟು ಪ್ರಯತ್ನಿಸಿದ್ದನ್ನು ನಾನು ನೋಡಿರಲಿಲ್ಲ. ವಾರಕ್ಕೊಮ್ಮೆ ವಿಜಯನಗರಕ್ಕೆ ಮಾತಿನ ತರಬೇತಿಗೆ ಕರೆದುಕೊಂಡು ಹೋದಾಗ ತುಟಿ ಬಿಗಿದು ಕೂರುತ್ತಿದ್ದರು. ಮನೆಗೆ ಬಂದವರು ಮಾತಾಡಿಸಿದರೆ ತಲೆ ತಗ್ಗಿಸುತ್ತಿದ್ದರು. ನಾಚಿಕೆ. ಅಷ್ಟು ದೊಡ್ಡ ದನಿಯ ಮನುಷ್ಯನಿಗೆ ತೊದಲುವುದು ಸಾವಿನಂತೆ.

ಅವರು ಏನು ಕೇಳುತ್ತಿದ್ದಾರೆಂದು ನನಗೆ ಕಿಟಕಿಯ ಹತ್ತಿರವೇ ಗೊತ್ತಾಗಿತ್ತು. ಕುಸ್ತಿ. ಕೆಂಗೇರಿಯ ಆಚೆ ಈಗ ಲೇಔಟ್ ಆಗಿರುವ ಜಾಗದಲ್ಲಿ ಅವರ ಅಪ್ಪ ರಾಗಿ ಬೆಳೆಯುತ್ತಿದ್ದರು. ಆ ಊರಿನ ಗರಡಿಮನೆಯಲ್ಲಿ ಇವರು ಹದಿನೈದನೇ ವಯಸ್ಸಿನಿಂದ ಮಣ್ಣು ಮೆತ್ತಿಕೊಂಡು ಬೆಳೆದವರು. ಮದುವೆಯಾದ ಹೊಸತರಲ್ಲಿ ಇವರ ಕಿವಿ ಮುದುಡಿ ದಪ್ಪಗಾಗಿದ್ದನ್ನು ನೋಡಿ ನಾನು ಹೆದರಿದ್ದೆ, ಅದು ಅಖಾಡದ ಗುರುತು ಎಂದು ಹೆಮ್ಮೆಯಿಂದ ಹೇಳಿದ್ದರು. ಡಿಶ್‌ನ ಅಷ್ಟೊಂದು ಚಾನೆಲ್ಲುಗಳಲ್ಲಿ ಎಂದೂ ಮಣ್ಣಿನ ಕುಸ್ತಿ ಬಂದಿರಲಿಲ್ಲ. ಕೇಳಿದ್ದನ್ನು ಕೊಡುವ ಯಂತ್ರ ಎಂದು ಗೊತ್ತಾದ ಮೇಲೆ ಅವರು ಕೇಳಿದ ಮೊದಲ ಮಾತು ಅದು.

ನಾನು ಗೇಟನ್ನು ಬೇಕೆಂದೇ ಸದ್ದು ಮಾಡಿ ತೆಗೆದೆ. ಒಳಗೆ ಬರುವಷ್ಟರಲ್ಲಿ ರಿಮೋಟ್ ಮಡಿಲಲ್ಲಿತ್ತು, ಟೀವಿಯಲ್ಲಿ ಒಬ್ಬಾಕೆ ಮೊಸರುಬುತ್ತಿ ಕಲಸುತ್ತಿದ್ದಳು. ಯಂತ್ರಕ್ಕೆ ಇವರ ಕುಸ್ತಿ ಬುತ್ತಿಯಾಗಿ ಕೇಳಿಸಿತ್ತು. ನನಗೆ ನಗು ಬಂತು, ತಡೆದುಕೊಂಡೆ.

ಆಮೇಲೆ ದಿನವೂ ಅದೇ ನಡೆಯಿತು. ನಾನು ಮನೆಯಲ್ಲಿ ಇಲ್ಲದಾಗ ಮಾತ್ರ ಹೇಳುತ್ತಿದ್ದರು. ಹಾಗಾಗಿ ನಾನು ಕೆಲಸ ಹುಟ್ಟಿಸಿಕೊಂಡು ಹೊರಗೆ ಹೋಗತೊಡಗಿದೆ. ಕೊತ್ತಂಬರಿಗೆ ಒಂದು ಸಲ, ಹಸಿಮೆಣಸಿನಕಾಯಿಗೆ ಇನ್ನೊಂದು ಸಲ. ಕೆಲವೊಮ್ಮೆ ಸುಮ್ಮನೆ ಹಿತ್ತಲ ಕಡೆ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಕೇಳುತ್ತಿದ್ದೆ. ಯಂತ್ರ ಪ್ರತಿ ಸಲವೂ ಬೇರೆ ಏನನ್ನೋ ತೋರಿಸುತ್ತಿತ್ತು. ಅವರು ಪ್ರತಿ ಸಲವೂ ಮತ್ತೆ ಒತ್ತುತ್ತಿದ್ದರು.

ನಾಲ್ಕನೇ ದಿನ ನನ್ನಿಂದ ತಡೆಯಲಾಗಲಿಲ್ಲ. ಅಂದು ಇಪ್ಪತ್ತು ಸಲವಾದರೂ ಹೇಳಿರಬೇಕು. ಕೊನೆಗೆ ದನಿ ಒಡೆದು ಅಳುವ ಹಾಗೆ ಬಂತು. ನಾನು ಒಳಗೆ ಹೋಗಿ, ಅವರ ಕೈಯಿಂದ ರಿಮೋಟ್ ತೆಗೆದುಕೊಂಡು, "ಕುಸ್ತಿ" ಎಂದೆ. ಒಂದೇ ಸಲಕ್ಕೆ ಬಂತು. ಪರದೆ ತುಂಬ ಕುಸ್ತಿ. ಕೆಮ್ಮಣ್ಣಿನ ಅಖಾಡ, ಸುತ್ತ ಜನ, ನಡುವೆ ತೊಡೆ ತಟ್ಟುತ್ತಿದ್ದ ಇಬ್ಬರು ಪೈಲ್ವಾನರು. ನಾನು ಖುಷಿಯಿಂದ ಅವರ ಕಡೆ ನೋಡಿದೆ.

ಅವರು ಪರದೆಯನ್ನು ಒಂದು ಗಳಿಗೆ ನೋಡಿದರು. ಆಮೇಲೆ ಕೈ ಚಾಚಿ ರಿಮೋಟ್ ಇಸಿದುಕೊಂಡು ಟೀವಿ ಆರಿಸಿದರು. ನನ್ನ ಮುಖ ನೋಡಲಿಲ್ಲ. ಮಧ್ಯಾಹ್ನ ಮುದ್ದೆ ಮುಟ್ಟಲಿಲ್ಲ. ಸಂಜೆಯವರೆಗೂ ಆ ಕಪ್ಪು ಪರದೆಯ ಮುಂದೆ ಹಾಗೇ ಕೂತಿದ್ದರು.

ಆ ವಾರ ವಿಜಯನಗರಕ್ಕೆ ಹೋದಾಗ ನಾನು ಇದೆಲ್ಲವನ್ನೂ ಮಾತಿನ ತರಬೇತಿ ಕೊಡುವ ಹುಡುಗಿಗೆ ಹೇಳಿದೆ. ನನ್ನ ಮಗಳಿಗಿಂತ ಚಿಕ್ಕವಳು, ಆದರೆ ಕೇಳುವ ತಾಳ್ಮೆ ದೊಡ್ಡದು. ಇವರು ಹೊರಗಿನ ಬೆಂಚಿನ ಮೇಲಿದ್ದರು. ಅವಳು ಪೆನ್ನು ಕೆಳಗಿಟ್ಟು, ಮನೆಯಲ್ಲಿ ಇವರಿಗೆ ನೀರು ಬೇಕಾದರೆ ಏನು ಮಾಡುತ್ತಾರೆ ಎಂದು ಕೇಳಿದಳು. ನನ್ನ ಕಡೆ ನೋಡುತ್ತಾರೆ, ನನಗೆ ಗೊತ್ತಾಗುತ್ತದೆ, ಕೊಡುತ್ತೇನೆ ಎಂದೆ. ಅದರಲ್ಲಿ ನನಗೆ ಹೆಮ್ಮೆಯೇ ಇತ್ತು. ಇಪ್ಪತ್ತಾರು ವರ್ಷ ಎಲೆಯಡಿಕೆ ತುಂಬಿದ ಬಾಯಿಗಳು ಹೇಳಿದ ಸ್ಟಾಪುಗಳನ್ನು ಅರ್ಥ ಮಾಡಿಕೊಂಡು ಟಿಕೆಟ್ ಕೊಟ್ಟವಳು ನಾನು. ನನ್ನ ಗಂಡನ ಅರ್ಧ ಮಾತು ನನಗೆ ತಿಳಿಯದೆ ಇರುತ್ತದೆಯೇ?

"ಅದೇ ತೊಂದರೆ ಆಂಟಿ" ಎಂದಳು ಅವಳು. "ನಿಮಗೆ ಎಲ್ಲ ಬೇಗ ಅರ್ಥ ಆಗ್ಬಿಡುತ್ತೆ. ಅವರು ಮಾತಾಡೋ ಅವಶ್ಯಕತೆನೇ ಬರ್ತಿಲ್ಲ. ಆ ರಿಮೋಟಿಗೆ ಅರ್ಥ ಆಗಲ್ಲ, ಅದಕ್ಕೇ ಅವರು ಅದರ ಹತ್ರ ಮಾತಾಡ್ತಿದಾರೆ."

ನನಗೆ ಆ ಮಾತು ಚುಚ್ಚಿತು. ಎಂಟು ತಿಂಗಳು ನಾನು ಆರೈಕೆ ಎಂದುಕೊಂಡದ್ದು, ಅವರ ಬಾಯಿಯ ಮಾತನ್ನು ಮೊದಲೇ ಕಿತ್ತುಕೊಳ್ಳುವುದಾಗಿತ್ತು. ಆಮೇಲೆ ಅವಳು ಇವರನ್ನು ಒಳಗೆ ಕರೆದು, ಇಷ್ಟು ದಿನದ ಚಿತ್ರದ ಪುಸ್ತಕ ತೆಗೆಯದೆ, ನೇರವಾಗಿ "ಅಂಕಲ್, ಕುಸ್ತಿ ಅಂತ ಹೇಳೋಣ್ವಾ?" ಎಂದು ಕೇಳಿದಳು. ಇವರು ನನ್ನ ಕಡೆ ತಿರುಗಿ ನೋಡಿದರು. ನಾನು ಹೇಳಿಬಿಟ್ಟೆ ಎಂದು ಸಿಟ್ಟು ಬಂತೆಂದುಕೊಂಡೆ. ಆದರೆ ಅವರು ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡರು.

ಅವಳು ಆ ಮಾತನ್ನು ಎರಡು ತುಂಡು ಮಾಡಿದಳು. ಮೊದಲು ಕುಸ್, ಕುಕ್ಕರಿನ ಆವಿಯ ಹಾಗೆ ಹಲ್ಲಿನ ಸಂದಿಯಿಂದ ಗಾಳಿ ಬಿಡಬೇಕು. ನಿಲ್ಲಿಸಬೇಕು. ಆಮೇಲೆ ತಿ. ಬಾಯಿಯ ಮುಂದೆ ಒಂದು ಕಾಗದದ ಚೂರು ಹಿಡಿದು, ಗಾಳಿಗೆ ಅದು ಅಲುಗಬೇಕು ಎಂದಳು. ಇವರು ಊದಿದರು. ಮೊದಲು ಎಂಜಲು ಬಂತು, ಅವರು ಕೈಯಿಂದ ಒರೆಸಿಕೊಂಡು ಮತ್ತೆ ಊದಿದರು. ಮುಕ್ಕಾಲು ಗಂಟೆ ಆದ ಮೇಲೆ ಕಾಗದ ಸ್ವಲ್ಪ ಅಲುಗಿತು. ಮೆಟ್ರೋದಲ್ಲಿ ಕೆಂಗೇರಿಗೆ ವಾಪಸು ಬರುವಾಗಲೂ ಅವರು ಕಿಟಕಿಯ ಕಡೆ ತಿರುಗಿ ಬಾಯಲ್ಲಿ ಗಾಳಿ ಬಿಡುತ್ತಲೇ ಇದ್ದರು. ಎದುರು ಕೂತಿದ್ದ ಹೆಂಗಸು ಏನೆಂದುಕೊಂಡಳೋ. ನಾನು ತಲೆ ಕೆಡಿಸಿಕೊಳ್ಳಲಿಲ್ಲ.

ಮನೆಯಲ್ಲಿ ನಾನು ಒಂದು ನಿರ್ಧಾರ ಮಾಡಿದೆ. ಇನ್ನು ಮೇಲೆ ನನಗೆ ಅರ್ಥವಾದರೂ ಅರ್ಥವಾಗದವಳ ಹಾಗೆ ಇರಬೇಕು. ಇದು ಹೇಳಿದಷ್ಟು ಸುಲಭವಲ್ಲ. ಅವರು ನೀರಿನ ಕಡೆ ನೋಡಿದರೆ ಕೈ ತಾನಾಗಿ ಲೋಟಕ್ಕೆ ಹೋಗುತ್ತದೆ. ಹೋಗುವ ಕೈಯನ್ನು ಹಿಡಿದು ನಿಲ್ಲಿಸಿ, "ಏನ್ ಬೇಕು ರೀ?" ಎಂದು ಕೇಳಿ ಕಾಯಬೇಕು. ಅವರ ಕಣ್ಣಲ್ಲಿ ಸಿಟ್ಟು ಬರುತ್ತಿತ್ತು. ನಾನು ಕಾಯುತ್ತಿದ್ದೆ. "ನೀ" ಎಂದರೆ ಸಾಕು, ಕೊಡುತ್ತಿದ್ದೆ.

ಮಗಳು ಭಾನುವಾರ ಬಂದಳು. ಎಲ್ಲ ಜೋಡಿಸಿದ್ದನ್ನು ನೋಡಿ, ಡೈರಿಯ ಪುಟಗಳನ್ನು ತಿರುವಿ ಆಶ್ಚರ್ಯಪಟ್ಟಳು. ಊಟವಾದ ಮೇಲೆ ಅಪ್ಪ ರಿಮೋಟ್ ಹಿಡಿದು ಒದ್ದಾಡುವುದನ್ನು ಅಡುಗೆಮನೆಯ ಬಾಗಿಲಿನಿಂದ ಕಂಡು ಅವಳ ಕಣ್ಣಲ್ಲಿ ನೀರು ಬಂತು. ಅಪ್ಪನ ಬದಲು ತಾನೇ ಹೇಳುತ್ತೇನೆ ಎಂದು ಹೊರಟಳು. ನಾನು ಅವಳ ಮುಂಗೈ ಹಿಡಿದೆ.

"ಬೇಡ. ಅವರೇ ಕೇಳಲಿ."

"ಎಷ್ಟು ಕಲ್ಲುಮನಸ್ಸಮ್ಮ ನಿಂದು" ಎಂದಳು.

ಆ ಮಾತಿಗೆ ನಾನು ಮುನಿಸಿಕೊಳ್ಳಲಿಲ್ಲ. ಹೊರಗಿನಿಂದ ನೋಡಿದರೆ ಹಾಗೇ ಕಾಣುತ್ತದೆ. ಅವಳನ್ನು ಕೂರಿಸಿ ಎಲ್ಲವನ್ನೂ ಹೇಳಿದೆ. ಕೇಳಿಸಿಕೊಂಡಳು, ಆದರೆ ಹೋಗುವಾಗ ಅಪ್ಪನ ತಲೆ ನೇವರಿಸಿ, ನನ್ನ ಕಡೆ ನೋಡದೆ ಚಪ್ಪಲಿ ಮೆಟ್ಟಿದಳು.

ಇನ್ನೂ ಹನ್ನೊಂದು ದಿನ ಹಿಡಿಯಿತು. ನಡುವೆ ಒಂದು ದಿನ ಯಂತ್ರಕ್ಕೆ ಕುರಿ ಎಂದು ಕೇಳಿಸಿ ಯಾವುದೋ ಕುರಿ ಸಂತೆ ಬಂತು. ಅದನ್ನು ಅವರು ಬದಲಾಯಿಸದೆ ಒಂದು ಗಂಟೆ ನೋಡಿದರು. ಒಂದು ಟಗರನ್ನು ಕಂಡು ತಲೆಯಾಡಿಸಿ ಮೆಚ್ಚಿದರು. ಇನ್ನೊಂದು ದಿನ ಕುರ್ಚಿ ರಿಪೇರಿ. ಈಗ ಅವರು ನನ್ನ ಎದುರಿಗೇ ಹೇಳುತ್ತಿದ್ದರು, ಮುಚ್ಚುಮರೆ ಬಿಟ್ಟಿದ್ದರು. ತಪ್ಪಾಗಿ ಏನಾದರೂ ಬಂದಾಗ ನಾನು ನಕ್ಕರೆ ಅವರ ಎಡಗೆನ್ನೆಯೂ ನಗುತ್ತಿತ್ತು.

ಅದು ಬಂದದ್ದು ಒಂದು ಬುಧವಾರ ಬೆಳಿಗ್ಗೆ. ನಾನು ನೆಲದ ಮೇಲೆ ಮೊರ ಇಟ್ಟುಕೊಂಡು ಅವರೆಕಾಯಿ ಬಿಡಿಸುತ್ತಿದ್ದೆ. ಪಕ್ಕದ ಕಟ್ಟಡದ ಕಾಂಕ್ರೀಟ್ ಮೆಷಿನ್ನಿನ ಗಲಾಟೆ ಸ್ವಲ್ಪ ನಿಂತಿತ್ತು. ಅವರು ಬಟನ್ ಒತ್ತಿ, ಅವಸರ ಮಾಡದೆ, ಮೊದಲರ್ಧ ಹೇಳಿ, ಗಾಳಿಯನ್ನು ಹಲ್ಲಿನಲ್ಲಿ ತಡೆದು, ಆಮೇಲೆ ಉಳಿದರ್ಧ ಬಿಟ್ಟರು. ಪರದೆಯ ಮೇಲೆ ಕನ್ನಡದಲ್ಲಿ ಮೂಡಿತು: ಕುಸ್ತಿ. ಕೆಳಗೆ ಸಾಲು ಸಾಲಾಗಿ ಅಖಾಡಗಳು.

ನಾನು ಅವರೆಕಾಯಿಯ ಮೇಲಿಂದ ಕೈ ಎತ್ತಲಿಲ್ಲ. ಅವರ ಕಡೆ ನೋಡಲೂ ಇಲ್ಲ. ನೋಡಿದರೆ ಅತ್ತುಬಿಡುತ್ತಿದ್ದೆ, ಆಗ ಅದು ನನ್ನ ಸಂಗತಿ ಆಗುತ್ತಿತ್ತು. ಅವರು ಒಂದನ್ನು ಆರಿಸಿಕೊಂಡರು. ಬಯಲುಸೀಮೆಯ ಯಾವುದೋ ಊರು, ಮರದ ಮೇಲೆಲ್ಲ ಜನ ಹತ್ತಿ ಕೂತಿದ್ದರು. ಇಬ್ಬರು ಕೈಗೆ ಕೈ ಕೊಟ್ಟು ಸುತ್ತುತ್ತಿದ್ದರು. ಸ್ವಲ್ಪ ಹೊತ್ತಿನ ಮೇಲೆ ಒಬ್ಬನ ಕಾಲು ಸಡಿಲವಾಯಿತಂತೆ. ನನಗೆ ಅದು ಕಾಣಲಿಲ್ಲ. ಅವರಿಗೆ ಕಂಡಿತು. ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು, ಸೊರಗಿದ ಬಲಭುಜ ಕೂಡ ಸ್ವಲ್ಪ ಎದ್ದಿತು.

"ಕಾಲು" ಎಂದರು. "ಕಾಲು... ಹಿಡಿ."

ಎರಡು ಪದ ಒಟ್ಟಿಗೆ. ಯಾರೂ ಹೇಳಿಕೊಟ್ಟಿರಲಿಲ್ಲ. ಪರದೆಯಲ್ಲಿ ಎದುರಿನವನು ಕಾಲು ಹಿಡಿಯಲಿಲ್ಲ, ತಾನೇ ಚಿತ್ತಾಗಿ ಬಿದ್ದ. ಇವರು ತೊಡೆಯ ಮೇಲೆ ಹೊಡೆದುಕೊಂಡು ಬೇಸರದಿಂದ ಉಸಿರು ಬಿಟ್ಟರು. ನಾನು ಬಿಡಿಸಿದ ಕಾಳನ್ನು ಸಿಪ್ಪೆಯ ಜೊತೆಗೆ, ಸಿಪ್ಪೆಯನ್ನು ಕಾಳಿನ ಜೊತೆಗೆ ಹಾಕಿದ್ದೆ ಎಂದು ಆಮೇಲೆ ಗೊತ್ತಾಯಿತು.

ಇದಾಗಿ ಈಗ ಒಂದು ವರ್ಷ ದಾಟಿದೆ. ಎಲ್ಲ ಸರಿಹೋಯಿತು ಎಂದು ಬರೆಯಲಾರೆ. ಅವರ ಮಾತು ಮೊದಲಿನಂತೆ ಬಂದಿಲ್ಲ, ಬರುವುದಿಲ್ಲವೆಂದು ಡಾಕ್ಟರು ಹೇಳಿದ್ದಾರೆ. ಆದರೆ ಯಂತ್ರಕ್ಕೆ ಅರ್ಥವಾಗುವ ಅವರ ಮಾತುಗಳನ್ನು ನಾನು ಡೈರಿಯಲ್ಲಿ ಬರೆಯುತ್ತ ಬಂದಿದ್ದೇನೆ, ಮೂರನೇ ಪುಟ ತುಂಬುತ್ತಿದೆ. ವಾರ್ತೆ ಬಂತು, ಹಳೆ ಸಿನಿಮಾ ಬಂತು. ಮಳೆ ಎಂದು ಕೇಳಿದಾಗ ಮಳೆಯ ಸದ್ದು ಬಂದು, ಅದನ್ನು ಹಾಗೇ ಬಿಟ್ಟು ಕುರ್ಚಿಯಲ್ಲೇ ನಿದ್ದೆ ಹೋಗಿದ್ದರು. ಯಂತ್ರಕ್ಕೆ ತಿಳಿದ ಮಾತನ್ನು ಆಮೇಲೆ ಮನುಷ್ಯರ ಮುಂದೆ ಹೇಳುವ ಧೈರ್ಯ ಬರುತ್ತದೆ. ಹಾಲಿನವನಿಗೆ "ನಾಳೆ" ಎಂದರು ಒಂದು ದಿನ. ಮಗಳು ಫೋನ್ ಮಾಡಿದಾಗ "ಊಟ?" ಎಂದು ಕೇಳಿದರು. ಅವಳು ಆಯ್ತಪ್ಪ ಎಂದಳು. ಮುಂದಿನ ಸಲ ಬಂದಾಗ ನನಗೆ ಒಂದು ಹೊಸ ಡೈರಿ ತಂದುಕೊಟ್ಟಳು.

ಬೀದಿಯಲ್ಲಿ ಈಗ ಪೀಜಿಯ ಗೋಡೆಗೆ ಡಿಶ್ ಕಳೆದುಕೊಂಡ ಇನ್ನಿಬ್ಬರು ಹೆಂಗಸರು ನನ್ನ ಹತ್ತಿರ ಬಂದು ಕಲಿತುಹೋಗಿದ್ದಾರೆ. ನಾನು ಅವರ ಮನೆಗೆ ಹೋಗಿ ಜೋಡಿಸಿಕೊಡುವುದಿಲ್ಲ. ಬರೆದುಕೊಳ್ಳಿ ಎಂದು ಪೆನ್ನು ಕೊಡುತ್ತೇನೆ.

ಕಳೆದ ತಿಂಗಳು ಯಜಮಾನರ ಜೊತೆ ಗರಡಿಯಲ್ಲಿ ಪಳಗಿದ್ದ ಹಳೆಯ ಗೆಳೆಯರೊಬ್ಬರು ಬಂದಿದ್ದರು. ರಾಜರಾಜೇಶ್ವರಿನಗರದಲ್ಲಿ ಮಗಳ ಮನೆಯಲ್ಲಿದ್ದಾರೆ. ಲಕ್ವ ಹೊಡೆದ ಹೊಸತರಲ್ಲಿ ಎರಡು ಸಲ ಬಂದು, ಏನು ಮಾತಾಡುವುದೆಂದು ತೋಚದೆ ಕಾಫಿ ಕುಡಿದು ಎದ್ದುಹೋಗಿದ್ದರು. ಆಮೇಲೆ ಬಂದಿರಲಿಲ್ಲ. ಅದಕ್ಕೆ ಅವರನ್ನು ದೂರಲಾರೆ, ಮಾತಿಲ್ಲದ ಗೆಳೆಯನ ಎದುರು ಕೂರುವುದು ಸುಲಭವಲ್ಲ. ಈ ಸಲ ಇವರು ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ರಿಮೋಟ್ ಎತ್ತಿ ಕುಸ್ತಿ ಹಾಕಿದರು. ಗೆಳೆಯರು ಬೆರಗಾಗಿ ನನ್ನ ಮುಖ ನೋಡಿದರು. ನಾನು ಕಾಫಿಗೆ ಒಳಗೆ ಹೋದೆ.

ಹೊರಗೆ ಪಂದ್ಯ ಜೋರಾಗಿತ್ತು. ಗೆಳೆಯರು ಒಂದೇ ಸಮನೆ ಮಾತಾಡುತ್ತಿದ್ದರು. ಇದು ನಮ್ಮ ಉಸ್ತಾದರು ಹೇಳಿಕೊಟ್ಟ ಪಟ್ಟು, ಹೀಗೆ ಕುತ್ತಿಗೆಗೆ ಕೈ ಹಾಕಿ ಹೀಗೆ ಎಳೆದರೆ ಎದುರಾಳಿ ಏಳುವ ಹಾಗೇ ಇಲ್ಲ ಎಂದು ವಿವರಿಸುತ್ತಿದ್ದರು. ನಾನು ಲೋಟಗಳನ್ನು ಹಿಡಿದು ಬಾಗಿಲಿಗೆ ಬಂದಾಗ ಇವರು ಎಡಗೈ ಎತ್ತಿ ಗೆಳೆಯರ ಮಾತನ್ನು ತಡೆದರು. ಚಿತ್ರವನ್ನು ಅಲ್ಲೇ ನಿಲ್ಲಿಸಿ, ಸ್ವಲ್ಪ ಹಿಂದಕ್ಕೆ ತಂದು, ಬೆರಳಿಂದ ಕೆಳಗಿದ್ದ ಪೈಲ್ವಾನನ ಸೊಂಟವನ್ನು ತೋರಿಸಿದರು.

"ಅಲ್ಲ" ಎಂದರು. ಉಸಿರು ಎಳೆದುಕೊಂಡು ಮತ್ತೆ, ಇನ್ನೂ ಸ್ಪಷ್ಟವಾಗಿ, "ತಪ್ಪು."

ಗೆಳೆಯರು ಕಾಫಿಗೆ ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು, ಅದು ಹೇಗೆ ತಪ್ಪಾಗುತ್ತದೆ ಎಂದು ಜಗಳಕ್ಕೆ ಕೂತರು.